ಮೊದಲ ಕರಡಿಬೊಂಬೆಗೆ ಯಾವ ಬಟ್ಟೆ, ಯಾವ ಹತ್ತಿ, ಎಂಥ ಕಣ್ಣು?

ಕಳೆದ ಬೇಸಿಗೆ ರಜೆಯಲ್ಲಿ ಧಾರವಾಡದ ನಮ್ಮ ಓಣಿಯ ಮೂವರು ಕರಡಿಬೊಂಬೆ ಹೊಲಿಯಲು ಕಲಿಸಿಕೊಡಿ ಎಂದು ಮನೆಗೆ ಬಂದರು. ಮೊದಲನೆಯವಳ ಚೀಲದಲ್ಲಿ ಹುಬ್ಬಳ್ಳಿಯಿಂದ ತಂದ ಗುಲಾಬಿ ಬಣ್ಣದ, ಬೆರಳುದ್ದ ಕೂದಲಿನ ಫರ್ ಬಟ್ಟೆ ಇತ್ತು. ಎರಡನೆಯವರು ಬ್ಯಾಂಕಿನಿಂದ ನಿವೃತ್ತರಾದ ಅಕ್ಕ, ಮೊಬೈಲಿನಲ್ಲಿ ಮೊಹೇರ್ ಬಟ್ಟೆಯ ಬೆಲೆ ತೋರಿಸಿ, "ಇದನ್ನೇ ತರಿಸಬೇಕೇನು?" ಎಂದು ಕೇಳಿದರು. ಮೂರನೆಯವಳು ಏನನ್ನೂ ಕೊಂಡಿರಲಿಲ್ಲ. ತೀರಿಹೋದ ಅಜ್ಜನ ಉಣ್ಣೆಯ ಕೋಟನ್ನು ಮಡಚಿ ತಂದಿದ್ದಳು. ಮೂವರಲ್ಲಿ ಎಲ್ಲಕ್ಕಿಂತ ಮೊದಲು ಎದ್ದು ಕೂತದ್ದು ಆ ಕೋಟಿನ ಕರಡಿ. ಅದು ಹೊಲಿಗೆಯಲ್ಲಿ ಬಿಗಿಯಾಗಿತ್ತು, ಮುಖ ಸೊಟ್ಟಗಾಗಿರಲಿಲ್ಲ. ಹೊಲಿದವಳ ಕೈ ಉಳಿದಿಬ್ಬರ ಕೈಗಿಂತ ಪಳಗಿದ್ದೇನೂ ಅಲ್ಲ. ಅವಳ ಬಟ್ಟೆ ಒಳ್ಳೆಯದಿತ್ತು, ಅಷ್ಟೇ. ಸಾಮಾನು ಸರಿಯಿದ್ದರೆ ಹೊಸಬರ ಕೈಯೂ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಹಾಗಾಗಿ ಅಂಗಡಿಗೆ ಹೋಗುವ ಮೊದಲು ಯಾವುದಕ್ಕೆ ಯಾವುದು ವಾಸಿ ಎಂದು ತಿಳಿದುಕೊಳ್ಳುವುದಕ್ಕೆ ಒಂದು ಸಂಜೆ ಕೊಡಿ.

ಇಲ್ಲಿ ಹೇಳುವುದೆಲ್ಲ ಸುಮಾರು 30 ಸೆಂಟಿಮೀಟರ್, ಅಂದರೆ ಒಂದಡಿ ಎತ್ತರದ ಕರಡಿಯ ಲೆಕ್ಕ. ಕಲಿಯುವವರಿಗೆ ಇದಕ್ಕಿಂತ ಚಿಕ್ಕದು ಬೇಡ. ಗೇಣುದ್ದದ ಪುಟ್ಟ ಕರಡಿ ಸುಲಭವೆಂದು ಕಾಣುತ್ತದೆ, ಆದರೆ ಅದರ ಕಿವಿ, ಮೂತಿಗಳನ್ನು ಒಳಗಿನಿಂದ ಹೊರಕ್ಕೆ ತಿರುಗಿಸುವಾಗ ಬೆರಳು ಹಿಡಿಯುವುದಿಲ್ಲ, ಹೊಲಿಗೆ ಕಿತ್ತುಬರುತ್ತದೆ.

ಕರಡಿ ಯಾರ ಕೈಗೆ ಹೋಗುತ್ತದೆ?

ಬಣ್ಣ ಆರಿಸುವುದಕ್ಕೂ ಮೊದಲು ಈ ಪ್ರಶ್ನೆಗೆ ಉತ್ತರ ಬೇಕು. ಮೂರು ವರ್ಷದೊಳಗಿನ ಮಗು ಎಲ್ಲವನ್ನೂ ಬಾಯಿಗೆ ಹಾಕುತ್ತದೆ, ಜಗ್ಗುತ್ತದೆ, ಕಚ್ಚುತ್ತದೆ. ಅಂಥ ಮಗುವಿನ ಕರಡಿಗೆ ಗಾಜಿನ ಕಣ್ಣು, ಗುಂಡಿ, ಮಣಿ, ಲೋಹದ ಕೀಲು, ಉದುರುವ ಕೂದಲು ಯಾವುದೂ ಸಲ್ಲದು. ಶೋಕೇಸಿನಲ್ಲಿ ಕೂರುವ ಕರಡಿಗಾದರೆ ಇವೆಲ್ಲವೂ ಆಗಬಹುದು. ಐದಾರು ವರ್ಷದ ಮಗುವಿನದು ನಡುವಿನ ದಾರಿ. ಒಂದೇ ಕರಡಿ ಚೆಂದವಾಗಿಯೂ ಇರಲಿ, ತೊಟ್ಟಿಲಿಗೂ ಆಗಲಿ ಎಂದು ಹೊರಟವರು ಕೊನೆಗೆ ಗಾಜಿನ ಕಣ್ಣು ಹಚ್ಚಿದ ಬೊಂಬೆಯನ್ನು ಹಸುಗೂಸಿನ ಕೈಯಲ್ಲಿಡುವುದನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ.

ಬಟ್ಟೆ: ಮುಖಕ್ಕಿಂತ ಬೆನ್ನು ಮುಖ್ಯ

ಅಂಗಡಿಯಲ್ಲಿ ಎಲ್ಲರೂ ಫರ್ ಬಟ್ಟೆಯ ಕೂದಲನ್ನು ಸವರುತ್ತಾರೆ, ಕೆನ್ನೆಗೆ ತಾಗಿಸಿ ನೋಡುತ್ತಾರೆ. ನೀವು ಅದನ್ನು ಮಗುಚಿ ಹಾಕಿ. ಕೂದಲು ನೆಟ್ಟಿರುವ ಆ ತಳದ ಬಟ್ಟೆಯೇ ಕರಡಿಯ ಚರ್ಮ. ಅದು ನೇಯ್ದದ್ದೋ, ಹೆಣೆದದ್ದೋ ಎಂಬುದರ ಮೇಲೆ ನಿಮ್ಮ ಮುಂದಿನ ಹದಿನೈದು ದಿನಗಳ ಸುಖದುಃಖ ನಿಂತಿದೆ. ನೇಯ್ದ ಬೆನ್ನಿನಲ್ಲಿ ಹಾಸು ಹೊಕ್ಕು ಎರಡೂ ಕಾಣುತ್ತವೆ, ಎಳೆದರೆ ಹಿಗ್ಗುವುದಿಲ್ಲ. ಹೆಣೆದ ಬೆನ್ನು ಬನಿಯನ್ನಿನಂತೆ ಕುಣಿಕೆ ಕುಣಿಕೆಯಾಗಿ ಇರುತ್ತದೆ. ಅಡ್ಡಕ್ಕೆ ಎಳೆದರೆ ಹಿಗ್ಗುತ್ತದೆ. ಹತ್ತಿ ಗಟ್ಟಿಯಾಗಿ ತುಂಬಿದಾಗ ಹಿಗ್ಗುವ ಬಟ್ಟೆ ಹಿಗ್ಗುತ್ತಲೇ ಹೋಗುತ್ತದೆ. ನನ್ನ ಮೊದಲ ಕರಡಿಗೆ ಹೀಗೆಯೇ ಆಯಿತು. ನಕ್ಷೆಯಲ್ಲಿ ಉದ್ದ ಮೂತಿ ಇತ್ತು. ತುಂಬಿ ಮುಗಿಸಿದಾಗ ಮುಖ ಅಡ್ಡಡ್ಡಲಾಗಿ ಕುಂಬಳಕಾಯಿಯಂತಾಗಿ, ಕಣ್ಣುಗಳು ಕಿವಿಯ ಹತ್ತಿರಕ್ಕೆ ಸರಿದಿದ್ದವು. ತಪ್ಪು ಹೊಲಿಗೆಯದೆಂದುಕೊಂಡು ಮೂರು ಸಲ ಬಿಚ್ಚಿ ಹೊಲಿದೆ. ತಪ್ಪು ಬಟ್ಟೆಯ ಬೆನ್ನಿನಲ್ಲಿತ್ತು.

ಈಗ ಒಂದೊಂದನ್ನೇ ಪಕ್ಕಪಕ್ಕ ಇಟ್ಟು ನೋಡೋಣ.

ಮೊಹೇರ್ ಎಂದರೆ ಅಂಗೋರಾ ಆಡಿನ ಕೂದಲಿನಿಂದ ಮಾಡಿದ ಬಟ್ಟೆ. ನೇಯ್ದ ಹತ್ತಿಯ ತಳ, ಮೇಲೆ ಹೊಳೆಯುವ ಕೂದಲು. ಪರದೇಶದ ಕರಡಿ ತಯಾರಕರು ಇದನ್ನೇ ಹೊಗಳುವುದಕ್ಕೆ ಹಳೆಯ ಕಾರಣವಿದೆ. 1902ರ ನವೆಂಬರಿನಲ್ಲಿ ಅಮೆರಿಕದ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಮಿಸಿಸಿಪ್ಪಿಯ ಬೇಟೆಯಲ್ಲಿ ಕಟ್ಟಿಹಾಕಿದ ಕರಡಿಗೆ ಗುಂಡು ಹಾರಿಸಲು ಒಪ್ಪಲಿಲ್ಲ. ಆ ಪ್ರಸಂಗದ ವ್ಯಂಗ್ಯಚಿತ್ರ ನೋಡಿ ಬ್ರೂಕ್ಲಿನ್‌ನ ಮಾರಿಸ್ ಮಿಚ್‌ಟಮ್ ದಂಪತಿ ಬೊಂಬೆ ಹೊಲಿದು 'ಟೆಡ್ಡಿ' ಎಂದು ಕರೆದರು. ಹೆಚ್ಚುಕಡಿಮೆ ಅದೇ ಹೊತ್ತಿಗೆ ಜರ್ಮನಿಯ ಸ್ಟೈಫ್ ಕಂಪನಿಯಲ್ಲಿ ಕೈಕಾಲು ತಿರುಗುವ ಮೊಹೇರ್ ಕರಡಿ ಸಿದ್ಧವಾಗುತ್ತಿತ್ತು. ಆ ಕಾಲದ ಕರಡಿಗಳ ಮೈ ಮೊಹೇರ್, ಹೊಟ್ಟೆಯಲ್ಲಿ ಮರದ ಎಳೆ, ಕಣ್ಣಿಗೆ ಬೂಟಿನ ಗುಂಡಿ. ನೂರು ವರ್ಷ ದಾಟಿದ ಕರಡಿಗಳು ಇವತ್ತಿಗೂ ಉಳಿದಿವೆ ಎಂದರೆ ಬಟ್ಟೆಯ ಗುಣ ಎಂಥದೆಂದು ಊಹಿಸಬಹುದು. ಆದರೂ ಮೊದಲ ಕರಡಿಗೆ ಮೊಹೇರ್ ತರಿಸಬೇಡಿ ಎಂದೇ ಆ ಅಕ್ಕನಿಗೆ ಹೇಳಿದೆ. ಕಾಲು ಮೀಟರ್ ಮೊಹೇರ್‌ನ ಬೆಲೆಗೆ ಇಲ್ಲಿ ನಾಲ್ಕೈದು ಕರಡಿಗಳಿಗಾಗುವಷ್ಟು ಬಟ್ಟೆ ಬರುತ್ತದೆ. ಅಷ್ಟು ದುಡ್ಡು ಕೊಟ್ಟ ಬಟ್ಟೆಗೆ ಕತ್ತರಿ ಹಾಕುವಾಗ ಕೈ ನಡುಗುತ್ತದೆ. ನಡುಗುವ ಕೈಯಿಂದ ಕಲಿಕೆ ಆಗುವುದಿಲ್ಲ. ಮೂರನೆಯ ಕರಡಿಗೆ ತರಿಸಿ, ಆಗ ಅದರ ಸುಖ ತಿಳಿಯುತ್ತದೆ.

ಪಾಲಿಯೆಸ್ಟರ್ ಅಥವಾ ಅಕ್ರಿಲಿಕ್ ಫರ್ ನಮ್ಮಲ್ಲಿ ಸುಲಭವಾಗಿ ಸಿಗುವ ಬಟ್ಟೆ. ಹುಬ್ಬಳ್ಳಿಯ ಜವಳಿ ಸಾಲು, ದುರ್ಗದಬೈಲಿನ ಸುತ್ತಲಿನ ಓಣಿಗಳಲ್ಲಿ ಕೇಳುತ್ತ ಹೋದರೆ ಹತ್ತು ಬಣ್ಣ ತೋರಿಸುತ್ತಾರೆ. ಬಹುಪಾಲು ಹೆಣೆದ ಬೆನ್ನಿನವು. ಇದೊಂದೇ ಸಿಕ್ಕಿತೆಂದರೆ ಕೈಬಿಡಬೇಕಿಲ್ಲ. ದರ್ಜಿಗಳು ಕಾಲರಿಗೆ ಹಾಕುವ, ಇಸ್ತ್ರಿಯ ಬಿಸಿಗೆ ಅಂಟಿಕೊಳ್ಳುವ ತೆಳು ಪೇಸ್ಟಿಂಗ್ ಬಟ್ಟೆಯನ್ನು ಕತ್ತರಿಸುವ ಮೊದಲೇ ಬೆನ್ನಿಗೆ ಅಂಟಿಸಿದರೆ ಹಿಗ್ಗುವುದು ಬಹಳಷ್ಟು ನಿಲ್ಲುತ್ತದೆ. ಇಸ್ತ್ರಿ ಹದವಾಗಿರಲಿ, ನಡುವೆ ಒಂದು ಹತ್ತಿ ಬಟ್ಟೆ ಇರಲಿ. ಹೆಚ್ಚು ಕಾಯ್ದರೆ ಅಕ್ರಿಲಿಕ್ ಕೂದಲು ಕರಗಿ ಮುದ್ದೆಯಾಗುತ್ತದೆ. ಮೊದಲು ಮೂಲೆಯ ಒಂದು ಚೂರಿನ ಮೇಲೆ ಪರೀಕ್ಷಿಸಿ.

ಕೂದಲಿನ ಉದ್ದ 6ರಿಂದ 10 ಮಿಲಿಮೀಟರ್ ಇದ್ದರೆ ಸಾಕು. ಗುಲಾಬಿ ಬಟ್ಟೆ ತಂದ ಹುಡುಗಿಯ ಕಷ್ಟ ಇಲ್ಲಿಯೇ ಇತ್ತು. ಉದ್ದ ಕೂದಲು ಹೊಲಿಗೆಯೊಳಗೆ ಸಿಕ್ಕಿಕೊಳ್ಳುತ್ತದೆ, ಸೂಜಿ ಎಲ್ಲಿ ಹೊರಟಿತೆಂದು ಕಾಣುವುದಿಲ್ಲ, ಮುಖದ ಮೇಲೆ ಕಣ್ಣು ಮುಚ್ಚಿಹೋಗುತ್ತದೆ. ಕೊನೆಗೆ ಮೂತಿಯ ಕೂದಲನ್ನೆಲ್ಲ ಕತ್ತರಿಸಬೇಕಾಗುತ್ತದೆ, ಆ ಕತ್ತರಿಸುವುದೇ ಒಂದು ಪ್ರತ್ಯೇಕ ವಿದ್ಯೆ. ಹಾಗೆಂದು ತೀರಾ ನುಣುಪಾದ ವೆಲ್ವೆಟ್ಟೂ ಹೊಸಬರಿಗೆ ಒಳ್ಳೆಯದಲ್ಲ. ಎರಡು ಪದರ ಒಂದರ ಮೇಲೊಂದು ಇಟ್ಟು ಹೊಲಿಯುವಾಗ ಒಂದು ಪದರ ಜಾರಿ ಮುಂದೆ ಹೋಗಿರುತ್ತದೆ, ಹೊಲಿಗೆಯ ಸಣ್ಣ ತಪ್ಪೂ ಎದ್ದು ಕಾಣುತ್ತದೆ. ಸಣ್ಣ ಕೂದಲು ಸಣ್ಣ ತಪ್ಪುಗಳನ್ನು ಮುಚ್ಚುತ್ತದೆ, ದೊಡ್ಡ ತಪ್ಪುಗಳನ್ನು ತೋರಿಸುತ್ತದೆ. ಕಲಿಯುವವರಿಗೆ ಬೇಕಾದದ್ದು ಇಂಥದೇ.

ಇನ್ನು ಅನೇಕರು ಗಮನಿಸದ ಒಂದು ಜಾಗವಿದೆ: ಸೋಫಾ ಬಟ್ಟೆಯ ಅಂಗಡಿ. ಕುರ್ಚಿ, ಸೋಫಾಗಳಿಗೆ ಹೊದಿಸುವ ಕಿರುಗೂದಲಿನ ಬಟ್ಟೆಗೆ ಸಾಮಾನ್ಯವಾಗಿ ನೇಯ್ದ ಬೆನ್ನು ಇರುತ್ತದೆ, ಏಕೆಂದರೆ ಅದು ಕೂತು ಎದ್ದರೂ ಜೋತುಬೀಳಬಾರದು. ಥಾನಿನ ಕೊನೆಯಲ್ಲಿ ಉಳಿದ ತುಂಡುಗಳು ಕಡಿಮೆ ಬೆಲೆಗೆ ಸಿಗುತ್ತವೆ, ನಮಗೆ ಬೇಕಾದದ್ದೂ ತುಂಡೇ. ತೀರಾ ದಪ್ಪ, ರಬ್ಬರ್ ಲೇಪಿಸಿದ ಬೆನ್ನಿನದನ್ನು ಮಾತ್ರ ಬಿಡಿ, ಸೂಜಿ ಇಳಿಯುವುದಿಲ್ಲ. ನನ್ನನ್ನು ಕೇಳಿದರೆ ಮೊದಲ ಕರಡಿಗೆ ಹೊಸ ಬಟ್ಟೆ ಕೊಳ್ಳುವವರು ಫರ್ ಅಂಗಡಿಗಿಂತ ಮೊದಲು ಸೋಫಾ ಅಂಗಡಿಯ ಮೆಟ್ಟಿಲು ಹತ್ತಬೇಕು.

ಕಾರ್ಡುರಾಯ್, ಖಾದಿ, ಹಳೆಯ ಉಣ್ಣೆಯ ಕೋಟು ಇವು ಕೂದಲಿಲ್ಲದ ದಾರಿ. ರಾಷ್ಟ್ರಧ್ವಜ ತಯಾರಾಗುವ ಬೆಂಗೇರಿ ನಮ್ಮ ಹುಬ್ಬಳ್ಳಿಯಲ್ಲೇ ಇದೆ, ಖಾದಿಗೆ ಹೆಸರಾದ ಗರಗ ಧಾರವಾಡದ ಪಕ್ಕದಲ್ಲೇ ಇದೆ. ಒಳ್ಳೆಯ ದಪ್ಪ ಖಾದಿಗೆ ನಾವು ದೂರ ಹೋಗಬೇಕಿಲ್ಲ. ಖಾದಿಯಲ್ಲಿ ಸೂಜಿ ಬೆಣ್ಣೆಯಲ್ಲಿ ಇಳಿದಂತೆ ಇಳಿಯುತ್ತದೆ. ಕೌದಿ ಹೊಲಿದ ಕೈಗಳಿಗೆ ಇದಕ್ಕಿಂತ ಪರಿಚಿತ ಬಟ್ಟೆ ಇಲ್ಲ. ಕೊರತೆಯೆಂದರೆ ಅಂಚು ಬೇಗ ಎಳೆ ಬಿಡುತ್ತದೆ. ಆದ್ದರಿಂದ ಹೊಲಿಗೆಯ ಅಂಚನ್ನು 6 ಮಿಲಿಮೀಟರಿನ ಬದಲು 10 ಮಿಲಿಮೀಟರ್ ಬಿಡಿ. ಹಳೆಯ ಕೋಟು ಸಿಕ್ಕಿದರೆ ಒಳಗಿನ ಲೈನಿಂಗ್ ಬಿಚ್ಚಿ, ಬಿಸಿಲಿಗೆ ಹಿಡಿದು ನುಸಿ ತಿಂದ ತೂತುಗಳನ್ನು ಹುಡುಕಿ. ಮೊಣಕೈ, ಕಂಕುಳಿನ ಭಾಗ ಸವೆದಿರುತ್ತದೆ. ಬೆನ್ನಿನ ಭಾಗ ಹೊಸದರಂತೆ ಇರುತ್ತದೆ. ಒಂದಡಿಯ ಕರಡಿಗೆ ತಲೆಯಿಂದ ಪಾದದವರೆಗೆ ಸಾಮಾನ್ಯವಾಗಿ ಇಪ್ಪತ್ತೊಂದು ತುಂಡು ಬೇಕು, ಒಂದು ಕೋಟಿನಲ್ಲಿ ಅಷ್ಟೂ ಸಿಕ್ಕು ಇನ್ನೂ ಉಳಿಯುತ್ತದೆ. ಹಳೆಯ ರೇಷ್ಮೆ ಸೀರೆಯ ಮೇಲೆ ಮನಸ್ಸಿದ್ದವರಿಗೆ ಒಂದು ಮಾತು: ಮಡಿಕೆಯಲ್ಲಿ ಹಿಂಜಿದ ರೇಷ್ಮೆ, ಹತ್ತಿ ತುಂಬಿದ ಬಿಗಿಗೆ ಸೀಳಿಹೋಗುತ್ತದೆ. ಅಜ್ಜಿಯ ಇಳಕಲ್ ಸೀರೆಯ ಸೆರಗನ್ನು ಕರಡಿಗೆ ಶಾಲಾಗಿ ಹೊದಿಸಿ. ಮೈಗೆ ಬೇರೆ ಬಟ್ಟೆ ನೋಡಿ.

ಕುರಿಯ ಕರಿ ಕಂಬಳಿಯ ಬಗ್ಗೆಯೂ ಹೇಳಲೇಬೇಕು. ಹಾವೇರಿ, ಗದಗ ಕಡೆಯವರಿಗೆ ಕಂಬಳಿ ಹೊಸದಲ್ಲ. ಮೊಹೇರ್‌ನ ಹೊಂಬಣ್ಣದ ಕರಡಿ ನಮ್ಮ ಕಾಡಿನದಲ್ಲ. 1994ರಲ್ಲಿ ಕರಡಿಧಾಮವಾದ ದರೋಜಿಯ ಬಂಡೆಗಳ ಮೇಲೆ ಓಡಾಡುವ ನಮ್ಮ ಕರಡಿ ಕಪ್ಪು, ಕೆದರಿದ ಕೂದಲಿನದು, ಎದೆಯ ಮೇಲೆ ಬಿಳಿಯ ಗೆರೆ ಹೊತ್ತದ್ದು. ಕರಿ ಕಂಬಳಿಯಲ್ಲಿ ಹೊಲಿದು, ಎದೆಗೆ ಬಿಳಿ ಉಣ್ಣೆಯ ಗೆರೆ ಎಳೆದರೆ ಅದು ಅಂಗಡಿಯ ಬೊಂಬೆಯಂತೆ ಕಾಣುವುದಿಲ್ಲ, ಕರಡಿಯಂತೆ ಕಾಣುತ್ತದೆ. ಆದರೆ ಕಂಬಳಿ ಚುಚ್ಚುತ್ತದೆ, ಎಳೆ ಉದುರುತ್ತದೆ, ನೇಯ್ಗೆ ಸಡಿಲ. ಆದ್ದರಿಂದ ಶೋಕೇಸಿಗೆ ಮಾತ್ರ, ಅದೂ ಎರಡನೆಯ ಕರಡಿಯಾಗಿ. ಒಳಗಡೆ ತೆಳು ಕಾಟನ್ ಬಟ್ಟೆಯನ್ನು ಜೋಡಿಸಿ ಕತ್ತರಿಸಿದರೆ ಹತ್ತಿ ಹೊರಗೆ ಇಣುಕುವುದಿಲ್ಲ.

ಅಂಗಡಿಯಲ್ಲಿ ಮಾಡಬೇಕಾದ ಪರೀಕ್ಷೆ ಎರಡು ನಿಮಿಷದ್ದು. ಬೆನ್ನನ್ನು ಉದ್ದಕ್ಕೂ ಅಡ್ಡಕ್ಕೂ ಎಳೆಯಿರಿ. ಕೂದಲ ಕಡೆಯನ್ನು ಹೊರಗಿಟ್ಟು ಮಡಚಿ, ಮಡಿಕೆಯಲ್ಲಿ ತಳ ಬೋಳಾಗಿ ಕಾಣುತ್ತದೆಯೇ ನೋಡಿ. ಕಂಡರೆ ಹೊಟ್ಟೆಯ ಉಬ್ಬಿನ ಮೇಲೂ ಕಾಣುತ್ತದೆ. ನಾಲ್ಕು ಕೂದಲು ಹಿಡಿದು ಜಗ್ಗಿ. ಕೈಗೆ ಬಂದರೆ ಬೇಡ. ಕೂದಲು ಯಾವ ಕಡೆಗೆ ಮಲಗುತ್ತದೆಂದು ಸವರಿ ನೋಡಿ, ಆ ದಿಕ್ಕಿಗೆ ಬೆನ್ನಿನ ಮೇಲೆ ಚಾಕಿನಿಂದ ಬಾಣದ ಗುರುತು ಹಾಕಿಸಿಕೊಳ್ಳಿ. ಮನೆಗೆ ಬಂದು ನಕ್ಷೆ ಇಡುವಾಗ ಎಲ್ಲ ತುಂಡುಗಳ ಕೂದಲೂ ಕೆಳಮುಖವಾಗಿರಬೇಕು. ಒಂದೂವರೆ ಮೀಟರ್ ಅಗಲದ ಬಟ್ಟೆಯಾದರೆ ಒಂದಡಿಯ ಕರಡಿಗೆ ಕಾಲು ಮೀಟರ್ ಸಾಕು. ಕಡಿಮೆ ಅಗಲದ್ದಾದರೆ ಅರ್ಧ ಮೀಟರ್ ಕೊಳ್ಳಿ.

ಅಂಗಾಲು, ಅಂಗೈಗಳಿಗೆ ಫೆಲ್ಟ್ ಅಥವಾ ಸ್ವೇಡ್ ಬಟ್ಟೆ ಹಾಕುತ್ತಾರೆ. ಉಣ್ಣೆಯ ಫೆಲ್ಟ್ ಬಾಳುತ್ತದೆ, ಅಗ್ಗದ ಅಕ್ರಿಲಿಕ್ ಫೆಲ್ಟ್ ಹಿಂಜಿಕೊಂಡು ಗುಳ್ಳೆ ಏಳುತ್ತದೆ. ಪಾದದ ಮೇಲೆ ಕಸೂತಿ ಹಾಕುವ ಆಸೆಯಿದ್ದರೆ ಫೆಲ್ಟ್ ಬಿಟ್ಟು ಖಾದಿ ತೆಗೆದುಕೊಳ್ಳಿ. ಗವಂತಿಯಾಗಲಿ ಮುರ್ಗಿಯಾಗಲಿ ಎಳೆ ಎಣಿಸಿ ಹಾಕುವ ಹೊಲಿಗೆ. ಫೆಲ್ಟಿನಲ್ಲಿ ಎಣಿಸಲು ಎಳೆಯೇ ಇಲ್ಲ. ಅಂಗಾಲಿನ ಮೇಲೆ ಒಂದು ಪುಟ್ಟ ಗೋಪುರ ಹಾಕಿದ ಕರಡಿ ಎಲ್ಲಿಗೆ ಹೋದರೂ ಧಾರವಾಡದ್ದೆಂದು ಗೊತ್ತಾಗುತ್ತದೆ.

ಹೊಟ್ಟೆಗೆ ಏನು ತುಂಬಬೇಕು?

ಹತ್ತಿಯ ನಾಡಿನಲ್ಲಿ ಇದ್ದುಕೊಂಡು ಪಾಲಿಯೆಸ್ಟರ್ ಯಾಕೆ ಕೊಳ್ಳಬೇಕು ಎಂದು ನಮ್ಮ ವೈನಿ ನನ್ನೊಡನೆ ವಾದ ಮಾಡುತ್ತಾರೆ. ಅವರ ಮಾತಿನಲ್ಲಿ ಅರ್ಧ ನ್ಯಾಯವಿದೆ.

ಹತ್ತಿಯ ಭಾರ ಕರಡಿಗೆ ಒಂದು ಘನತೆ ಕೊಡುತ್ತದೆ. ಎತ್ತಿಕೊಂಡರೆ ಕೂಸನ್ನು ಎತ್ತಿಕೊಂಡಂತಿರುತ್ತದೆ. ಆದರೆ ಎಲ್ಲ ಹತ್ತಿಯೂ ತುಂಬುವ ಹತ್ತಿಯಲ್ಲ. 1972ರಲ್ಲಿ ಧಾರವಾಡದಲ್ಲಿ ಹತ್ತಿ ತಳಿವಿಜ್ಞಾನಿ ಕಟರಕಿಯವರು ರೂಪಿಸಿದ ವರಲಕ್ಷ್ಮಿ ತಳಿ, ಆಮೇಲೆ 1981ರಲ್ಲಿ ಇಲ್ಲಿಂದಲೇ ಬಂದ ಡಿಸಿಎಚ್-32, ಇವು ಉದ್ದ ಎಳೆಯ, ನಯವಾದ ಹತ್ತಿಗಳು; ಅವುಗಳ ಬೆಲೆ ನೂಲಿನಲ್ಲಿದೆ. ನಯವಾದ ಎಳೆ ಒತ್ತಿದರೆ ಒತ್ತಿಕೊಂಡೇ ಇರುತ್ತದೆ. ತುಂಬಲಿಕ್ಕೆ ಬೇಕಾದದ್ದು ಗಿಡ್ಡ, ಒರಟು ಎಳೆಯ ದೇಶಿ ಹತ್ತಿ, ನಮ್ಮ ಕರಿಮಣ್ಣಿನ ಜಯಧರದಂಥದ್ದು. ಒತ್ತಿ ಬಿಟ್ಟರೆ ಅದು ಸ್ವಲ್ಪವಾದರೂ ಮೇಲಕ್ಕೆ ಪುಟಿಯುತ್ತದೆ. ಗಾದಿ ಹೊಲಿಯುವವರ ಹತ್ತಿರ ಹೋಗಿ ಹೊಸದಾಗಿ ಹಿಂಜಿದ ದೇಶಿ ಅರಳೆ ಬೇಕೆಂದು ಕೇಳಿ. ಒಮ್ಮೆ ಒಂದು ಅಂಗಡಿಯಲ್ಲಿ ಹೊಸ ಹತ್ತಿಯೆಂದು ನನಗೆ ಕೊಟ್ಟದ್ದು ಹಳೆಯ ಗಾದಿ ಬಿಚ್ಚಿ ಮತ್ತೆ ಹಿಂಜಿದ್ದು. ಕರಡಿ ಮುಗಿದು ಎರಡು ತಿಂಗಳಿಗೆ ಹೊಟ್ಟೆಯೊಳಗೆ ಗಂಟು ಗಂಟಾಗಿ, ಮುಗ್ಗಲು ವಾಸನೆ ಬಂತು. ಅಂದಿನಿಂದ ಒಂದು ಹಿಡಿ ತೆಗೆದು ಬೆಳಕಿಗೆ ಹಿಡಿದು, ಮೂಸಿ ನೋಡದೆ ಕೊಳ್ಳುವುದಿಲ್ಲ. ಬಣ್ಣದ ಎಳೆ, ಬೀಜದ ಚೂರು, ಧೂಳು ಕಂಡರೆ ಬಿಡಿ. ಔಷಧ ಅಂಗಡಿಯ ಸರ್ಜಿಕಲ್ ಹತ್ತಿಯಂತೂ ಬೇಡವೇ ಬೇಡ. ನೀರು ಹೀರಲೆಂದು ಅದರ ಸಹಜ ಮೇಣವನ್ನು ತೆಗೆದಿರುತ್ತಾರೆ, ತೇವಕ್ಕೆ ಮುದ್ದೆಯಾಗುತ್ತದೆ.

ಈಗ ವೈನಿಯ ಮಾತಿನ ಇನ್ನರ್ಧ. ಮಗುವಿನ ಕರಡಿಯನ್ನು ತೊಳೆಯಬೇಕಾಗುತ್ತದೆ. ಧಾರವಾಡದ ಮಳೆಗಾಲದಲ್ಲಿ, ಶ್ರಾವಣದ ಜಿಟಿಜಿಟಿಯಲ್ಲಿ, ಹತ್ತಿ ತುಂಬಿದ ಕರಡಿ ಒಳಗಿನವರೆಗೆ ಒಣಗುವುದೇ ಇಲ್ಲ. ಹೊರಗೆ ಒಣಗಿದಂತಿರುತ್ತದೆ, ಒಳಗೆ ಬೂಷ್ಟು ಹಿಡಿಯುತ್ತದೆ. ಪಾಲಿಯೆಸ್ಟರ್ ನಾರು ನೀರನ್ನು ಹಿಡಿದಿಡುವುದಿಲ್ಲ, ಹಿಂಡಿ ನೆರಳಿನಲ್ಲಿ ತೂಗುಹಾಕಿದರೆ ಒಣಗುತ್ತದೆ, ಮತ್ತೆ ಉಬ್ಬುತ್ತದೆ. ಆದ್ದರಿಂದ ಮಗುವಿಗೆ ಪಾಲಿಯೆಸ್ಟರ್, ಶೋಕೇಸಿಗೆ ಹತ್ತಿ. ಇದು ನಾನು ಬದಲಿಸದ ನಿಯಮ.

ದಿಂಬಿನ ಅಂಗಡಿಗಳಲ್ಲಿ ಎಲ್ಲ ಪಾಲಿಯೆಸ್ಟರ್ ನಾರಿಗೂ ರೆಕ್ರಾನ್ ಎಂದೇ ಹೆಸರು. ಅದರಲ್ಲಿ ಎರಡು ಬಗೆ. ಸಿಲಿಕಾನ್ ಸವರಿದ ನಾರು ಬೆರಳಲ್ಲಿ ಜಾರುತ್ತದೆ, ದಿಂಬಿಗೆ ಹೇಳಿಮಾಡಿಸಿದ್ದು, ಅಪ್ಪಿಕೊಳ್ಳುವ ಮೆತ್ತನೆಯ ಹೊಟ್ಟೆಗೂ ಒಳ್ಳೆಯದು. ಮೂತಿಗೆ ಮಾತ್ರ ಅದು ಆಗದು. ಎಷ್ಟು ತುರುಕಿದರೂ ಜಾರಿ ಹಿಂದಕ್ಕೆ ಬರುತ್ತದೆ. ಮೂತಿ ಕಲ್ಲಿನಂತೆ ಗಟ್ಟಿಯಾಗಿರಬೇಕು, ಇಲ್ಲದಿದ್ದರೆ ಮೂಗು ಹೊಲಿಯುವಾಗ ದಾರದ ಬಿಗಿಗೆ ಮುಖ ಒಳಗೆ ಕುಸಿಯುತ್ತದೆ. ಅಲ್ಲಿಗೆ ಜಾರದ ಒಣ ನಾರು ಬೇಕು. ಎರಡೂ ಬಗೆ ಸಿಗದಿದ್ದರೆ ಮೂತಿಗೆ ಹಿಂಜಿದ ಹತ್ತಿ ತುಂಬಿ, ಉಳಿದ ಮೈಗೆ ರೆಕ್ರಾನ್ ಹಾಕಬಹುದು, ಶೋಕೇಸಿನ ಕರಡಿಯಾದರೆ. ಒಂದಡಿಯ ಕರಡಿಗೆ 200ರಿಂದ 250 ಗ್ರಾಂ ನಾರು ಹಿಡಿಯುತ್ತದೆ. ಹೊಸಬರು ಯಾವಾಗಲೂ ಕಡಿಮೆ ತುಂಬುತ್ತಾರೆ, ಅರ್ಧ ಕಿಲೋ ತಂದಿಟ್ಟುಕೊಳ್ಳಿ.

ಬೂರುಗದ ಹತ್ತಿ ಹಗುರ, ರೇಷ್ಮೆಯಂತಿರುತ್ತದೆ, ನೀರನ್ನೂ ತಳ್ಳುತ್ತದೆ. ಆದರೆ ಮೂಗು ಗಂಟಲಿಗೆ ಹಾರುತ್ತದೆ, ವರ್ಷಗಳು ಕಳೆದಂತೆ ಪುಡಿಯಾಗುತ್ತದೆ. ಬಟ್ಟೆಯ ಚಿಂದಿ ಕೌದಿಗೆ ಸರಿ, ಕರಡಿಗೆ ಹಾಕಿದರೆ ಮೈಯೆಲ್ಲ ಉಬ್ಬು ತಗ್ಗು. ಫೋಮಿನ ಚೂರು ಕೆಲವೇ ವರ್ಷಗಳಲ್ಲಿ ಹಳದಿಯಾಗಿ ಉದುರುತ್ತದೆ.

ಕೂತ ಕರಡಿಗೆ ತೂಕ ಬೇಕೆನಿಸಿದರೆ ಜೋಳ, ಅಕ್ಕಿ ಹಾಕುವ ಆಸೆಯಾಗುತ್ತದೆ. ಬೇಡ, ಹುಳು ಬೀಳುತ್ತದೆ. ಸೈಕಲ್ ಅಂಗಡಿಯ ಬೇರಿಂಗ್ ಗುಂಡುಗಳಿಗೆ ಎಣ್ಣೆ ಹಚ್ಚಿರುತ್ತಾರೆ, ಅದು ಬಟ್ಟೆಗೆ ಇಳಿಯುತ್ತದೆ. ಎಣ್ಣೆ ತೊಳೆದರೆ ತುಕ್ಕು. ಪ್ಲಾಸ್ಟಿಕ್ ಹರಳು ಅಥವಾ ಗಾಜಿನ ಸಣ್ಣ ಮಣಿಗಳನ್ನು ಒತ್ತಾದ ಕಾಟನ್ ಚೀಲದಲ್ಲಿ ಹೊಲಿದು ಹೊಟ್ಟೆಯ ತಳದಲ್ಲಿಡುವುದೇ ಸರಿ. ಚಿಕ್ಕ ಮಕ್ಕಳ ಕರಡಿಗೆ ಅದೂ ಬೇಡ.

ಕಣ್ಣು

ಕರಡಿಗೆ ಜೀವ ಬರುವುದು ಕಣ್ಣಿನಿಂದ. ಅಪಾಯ ಬರುವುದೂ ಅಲ್ಲಿಂದಲೇ.

ಗಾಜಿನ ಕಣ್ಣಿಗೆ ಹಿಂದೆ ತಂತಿಯ ಕುಣಿಕೆ ಇರುತ್ತದೆ. ತಲೆ ತುಂಬಿದ ಮೇಲೆ ದಾರದಿಂದ ಎಳೆದು ಕೂರಿಸುತ್ತಾರೆ. ಆದ್ದರಿಂದ ಎಲ್ಲಿಡಬೇಕೆಂದು ಕೊನೆಯವರೆಗೆ ಯೋಚಿಸಬಹುದು, ಮೊದಲು ಎರಡು ಕರಿ ಗುಂಡುಸೂಜಿ ಚುಚ್ಚಿ ಮುಖಭಾವ ನೋಡಬಹುದು. ಅದರ ಆಳವಾದ ಹೊಳಪಿಗೆ ಸಾಟಿಯಿಲ್ಲ. ಗಾಜು ಒಡೆಯುತ್ತದೆ, ತಂತಿ ಕಳಚುತ್ತದೆ, ಮಕ್ಕಳಿಗೆ ಸಲ್ಲದು.

ಪ್ಲಾಸ್ಟಿಕ್ ಸೇಫ್ಟಿ ಕಣ್ಣಿಗೆ ಹಿಂದೆ ಕಡ್ಡಿ ಇರುತ್ತದೆ, ಬಟ್ಟೆಯೊಳಗಿನಿಂದ ವಾಷರ್ ಒತ್ತಿ ಕೂರಿಸಬೇಕು. ತಲೆ ತುಂಬುವ ಮೊದಲೇ ಜಾಗ ನಿರ್ಧರಿಸಬೇಕಾಗುತ್ತದೆ, ತಪ್ಪಿದರೆ ಮತ್ತೆ ಬಿಚ್ಚಲಾಗದು. ಇಲ್ಲಿಯೂ ಬಟ್ಟೆಯ ಬೆನ್ನಿನ ಮಾತು ಬರುತ್ತದೆ: ಸಡಿಲ ಹೆಣಿಗೆಯ ಬೆನ್ನಿನಲ್ಲಿ ತೂತು ದೊಡ್ಡದಾಗಿ ಕಣ್ಣು ವಾಷರ್ ಸಮೇತ ಹೊರಗೆ ಬರಬಹುದು. ಹೆಸರಿನಲ್ಲಿ ಸೇಫ್ಟಿ ಇದೆಯೆಂದು ನಂಬಿ ಹಸುಗೂಸಿಗೆ ಕೊಡಬೇಡಿ. ನಾಲ್ಕೈದು ವರ್ಷ ದಾಟಿದ ಮಕ್ಕಳಿಗೆ, ನೇಯ್ದ ಬೆನ್ನಿನ ಬಟ್ಟೆಯಲ್ಲಿ, ಒಳಗೆ ಇನ್ನೊಂದು ದಪ್ಪ ಬಟ್ಟೆಯ ಚೂರು ಜೋಡಿಸಿ ಹಾಕಿ. ಅಂಗಿಯ ಗುಂಡಿ ಹಳೆಯ ಕರಡಿಯ ನೆನಪು ತರುತ್ತದೆ, ದಾರ ಸವೆದರೆ ಬಾಯಿಗೆ ಹೋಗುವುದೂ ಅದೇ.

ಮೂರರೊಳಗಿನವರಿಗೆ ದಾರದಲ್ಲಿ ಹೊಲಿದ ಕಣ್ಣು ಒಂದೇ ದಾರಿ. ಕರಿ ದಾರವನ್ನು ಒತ್ತೊತ್ತಾಗಿ ತುಂಬಿ, ಮೂಲೆಯಲ್ಲಿ ಬಿಳಿ ದಾರದ ಒಂದೇ ಒಂದು ಚುಕ್ಕೆ ಇಡಿ. ಆ ಬಿಳಿ ಚುಕ್ಕೆ ಎರಡೂ ಕಣ್ಣಿನಲ್ಲಿ ಒಂದೇ ಕಡೆಗಿರಬೇಕು, ಇಲ್ಲದಿದ್ದರೆ ಕಣ್ಣು ಮೆಳ್ಳಗಾಗುತ್ತದೆ. ಇದನ್ನು ಕಡಿಮೆ ದರ್ಜೆಯದೆಂದು ಭಾವಿಸುವವರಿದ್ದಾರೆ. ಕಸೂತಿಯ ಊರಿನಲ್ಲಿ ಹಾಗೆ ಭಾವಿಸುವುದು ನನಗೆ ಒಪ್ಪಿಗೆಯಿಲ್ಲ.

ಮಾರುವ ಆಲೋಚನೆಯಿದ್ದರೆ ಒಂದು ವಿಷಯ ತಿಳಿದಿರಲಿ. 2021ರ ಜನವರಿ 1ರಿಂದ ನಮ್ಮ ದೇಶದಲ್ಲಿ 14 ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ. ಕೇಂದ್ರದ ಕರಕುಶಲ ಅಭಿವೃದ್ಧಿ ಆಯುಕ್ತರ ಕಚೇರಿಯಲ್ಲಿ ನೋಂದಾಯಿಸಿಕೊಂಡ ಕುಶಲಕರ್ಮಿಗಳು ತಾವೇ ತಯಾರಿಸಿ ಮಾರುವುದಕ್ಕೆ ವಿನಾಯಿತಿ ಕೊಟ್ಟಿದ್ದಾರೆ. ಆಟಿಕೆಯೆಂದು ಮಾರುವ ಮೊದಲು ನೋಂದಣಿಯ ಕೆಲಸ ಮುಗಿಸಿಕೊಳ್ಳಿ.

ಕೀಲುಗಳು

ತಲೆಗೊಂದು, ಕೈಗೆರಡು, ಕಾಲಿಗೆರಡು, ಒಟ್ಟು ಐದು ಕೀಲು. ಕೀಲಿಲ್ಲದ ಕರಡಿಯೂ ಕರಡಿಯೇ, ಹಸುಗೂಸಿಗೆ ಅದೇ ಲೇಸು.

ಹಳೆಯ ಕ್ರಮದಲ್ಲಿ ಪ್ರತಿ ಕೀಲಿಗೆ ಎರಡು ಹಾರ್ಡ್‌ಬೋರ್ಡ್ ಬಿಲ್ಲೆ, ಎರಡು ವಾಷರ್, ಒಂದು ಕಾಟರ್ ಪಿನ್. ಪಿನ್ನಿನ ಎರಡು ಕಾಲುಗಳನ್ನು ಚೂಪು ಇಕ್ಕಳದಿಂದ ಸುರುಳಿ ಸುತ್ತಿ ಬಿಗಿ ಮಾಡಬೇಕು. ಬಿಗಿ ಸಾಲದಿದ್ದರೆ ಕೈ ಜೋಲುತ್ತದೆ. ಇದು ಅಭ್ಯಾಸ ಬೇಡುವ ಕೆಲಸ, ಎರಡನೆಯ ಕರಡಿಯ ಹೊತ್ತಿಗೆ ಬರುತ್ತದೆ. ಪ್ಲಾಸ್ಟಿಕ್ ಕೀಲು ಒತ್ತಿದರೆ ಕೂರುತ್ತದೆ, ತುಕ್ಕಿಲ್ಲ, ತೊಳೆಯಬಹುದು. ಒಮ್ಮೆ ಕೂತರೆ ಬಿಚ್ಚುವುದಿಲ್ಲ, ಎಡಗೈ ಬಲಕ್ಕೆ ಹಾಕಿದ್ದು ಆಮೇಲೆ ಗೊತ್ತಾದರೆ ಕತ್ತರಿಸುವುದೊಂದೇ ಉಪಾಯ.

ಮೊದಲ ಕರಡಿಗೆ ನಾನು ಹೇಳುವುದು ಬೋಲ್ಟ್ ಮತ್ತು ಒಳಗೆ ನೈಲಾನ್ ಬಳೆ ಇರುವ ನಟ್ಟು. ಯಾವುದೇ ಹಾರ್ಡ್‌ವೇರ್ ಅಂಗಡಿಯಲ್ಲಿ 5 ಮಿಲಿಮೀಟರ್ ದಪ್ಪದ, ಮುಕ್ಕಾಲು ಇಂಚಿನ ಐದು ಬೋಲ್ಟು, ಅದಕ್ಕೆ ತಕ್ಕ ನಟ್ಟು, ಹತ್ತು ವಾಷರ್ ಕೇಳಿ. ದಪ್ಪ ಬಟ್ಟೆಯಾದರೆ ಒಂದಿಂಚಿನ ಬೋಲ್ಟ್. ಬಿಲ್ಲೆಗಳಿಗೆ ಪ್ಲೈವುಡ್ ಅಂಗಡಿಯ ಚೂರು ಹಾರ್ಡ್‌ಬೋರ್ಡ್ ಸಾಕು. ಒಂದೂವರೆ ಇಂಚಿನ ದುಂಡು, ನಡುವೆ ತೂತು, ಅಂಚು ಉಜ್ಜಿ ನಯ ಮಾಡಬೇಕು. ಸ್ಪ್ಯಾನರ್‌ನಿಂದ ಬೇಕಾದಷ್ಟೇ ಬಿಗಿ ಮಾಡಬಹುದು, ತಪ್ಪಿದರೆ ಬಿಚ್ಚಬಹುದು. ಬಿಚ್ಚಿ ಮತ್ತೆ ಮಾಡಲು ಬರುವುದಕ್ಕಿಂತ ದೊಡ್ಡ ಅನುಕೂಲ ಕಲಿಯುವವರಿಗೆ ಇನ್ನೇನಿದೆ?

ದಾರದ ಕೀಲೂ ಉಂಟು. ದಬ್ಬಣದಲ್ಲಿ ನೈಲಾನ್ ದಾರ ಪೋಣಿಸಿ, ಒಂದು ತೋಳಿನಿಂದ ಮೈ ದಾಟಿ ಇನ್ನೊಂದು ತೋಳಿಗೆ ನಾಲ್ಕೈದು ಸಲ ಎಳೆಯುವುದು. ಖರ್ಚಿಲ್ಲ. ದಾರ ಸಡಿಲಾಗುತ್ತ ಹೋಗುತ್ತದೆಂಬುದಷ್ಟೇ ಕೊರತೆ.

ದಾರ, ಸೂಜಿ, ಉಳಿದ ಸಾಮಾನು

ಹೊಲಿಗೆಗೆ ಒಳ್ಳೆಯ ಪಾಲಿಯೆಸ್ಟರ್ ದಾರ. ಹಳೆಯ ರೀಲಿನ ಕಾಟನ್ ದಾರ ಜಗ್ಗಿದರೆ ಪಟ್ಟೆಂದು ಹರಿಯುತ್ತದೆ. ಹೊಟ್ಟೆ ಮುಚ್ಚಲು, ಕಣ್ಣು ಕಿವಿ ಕೂರಿಸಲು ಗಟ್ಟಿ ನೈಲಾನ್ ದಾರ, ಅಥವಾ ಚಪ್ಪಲಿ ಹೊಲಿಯುವವರ ಮೇಣದ ದಾರ. ಮೂಗಿಗೆ ದಪ್ಪ ಕಸೂತಿ ದಾರ. ಯಂತ್ರದಲ್ಲಿ ಹೊಲಿಯುವವರು 14 ಅಥವಾ 16ನೇ ನಂಬರಿನ ಸೂಜಿ ಹಾಕಿ. ಯಂತ್ರವಿಲ್ಲವೆಂದು ಚಿಂತೆ ಬೇಡ. ಒಂದು ಹೆಜ್ಜೆ ಹಿಂದಕ್ಕೆ ಬಂದು ಎರಡು ಹೆಜ್ಜೆ ಮುಂದೆ ಹೋಗುವ ಕೈಹೊಲಿಗೆ ಬೇಕಾದಷ್ಟು ಬಿಗಿಯಾಗಿರುತ್ತದೆ, ಮೂತಿಯ ತಿರುವುಗಳಲ್ಲಿ ಯಂತ್ರಕ್ಕಿಂತ ಚೊಕ್ಕವಾಗಿ ತಿರುಗುತ್ತದೆ. ಬೆರಳಿಗೆ ಅಂಗುಸ್ತಾನ ಇರಲಿ.

ದೊಡ್ಡ ಕತ್ತರಿಗೆ ದುಡ್ಡು ಹಾಕಬೇಡಿ, ಚೂಪು ತುದಿಯ ಸಣ್ಣ ಕತ್ತರಿ ಬೇಕು. ಅದರ ತುದಿಯನ್ನು ಬೆನ್ನಿನ ಬಟ್ಟೆಗೆ ಮಾತ್ರ ತಾಗಿಸಿ, ಕೂದಲಿನ ನಡುವೆ ನುಸುಳಿಸಿ ಕತ್ತರಿಸಿದರೆ ಕೂದಲು ಪೂರ್ಣ ಉಳಿಯುತ್ತದೆ. ಸರ್ಜಿಕಲ್ ಅಂಗಡಿಯ ಉದ್ದ ಫೋರ್ಸೆಪ್ಸ್ ಒಂದಿದ್ದರೆ ಮೂತಿಗೆ ನಾರು ತುಂಬುವುದು, ಕೈಕಾಲು ತಿರುಗಿಸುವುದು ಎರಡೂ ಅದರಲ್ಲೇ ಆಗುತ್ತದೆ. ಮರದ ಸೌಟಿನ ಹಿಡಿ ತುಂಬುಗೋಲಾಗುತ್ತದೆ. ಹೊಲಿಗೆಯಲ್ಲಿ ಸಿಕ್ಕಿಕೊಂಡ ಕೂದಲನ್ನು ಎಬ್ಬಿಸಲು ದಪ್ಪ ಸೂಜಿ ಮತ್ತು ನಾಯಿಯ ಮೈ ಬಾಚುವ ತಂತಿಯ ಬ್ರಷ್.

ಎಲ್ಲವನ್ನೂ ಒಂದೇ ಡಬ್ಬಿಯಲ್ಲಿಟ್ಟು ಕಳಿಸುವ ಆನ್‌ಲೈನ್ ಕಿಟ್ ತರಿಸಬಹುದೇ ಎಂದರೆ, ಚೀಲ ಹಿಡಿದು ನಾಲ್ಕು ಅಂಗಡಿ ತಿರುಗಲಾಗದವರಿಗೆ ಅದು ಒಳ್ಳೆಯದೇ. ಬಟ್ಟೆಯ ಬೆನ್ನು ನೇಯ್ದದ್ದೆಂದು, ಕೀಲು ಯಾವ ಬಗೆಯದೆಂದು ವಿವರದಲ್ಲಿ ಬರೆದಿದ್ದರೆ ಮಾತ್ರ ತರಿಸಿ. ಚಿತ್ರದಲ್ಲಿ ಕೂದಲಷ್ಟೇ ಕಾಣುತ್ತದೆ.

ಕೊಂಡ ಬಟ್ಟೆಯಲ್ಲಿ ಉಳಿದ ಚೂರನ್ನು, ಅದೇ ದಾರದ ಒಂದು ಸುತ್ತಿನೊಡನೆ, ಒಂದು ಲಕೋಟೆಯಲ್ಲಿ ಹಾಕಿ ಕರಡಿ ಯಾರದೆಂದು ಬರೆದಿಡಿ. ನನ್ನ ಅಣ್ಣನ ಮಗಳ ಕರಡಿಯ ಎಡಗಿವಿ ಇಲ್ಲಿಯವರೆಗೆ ಎರಡು ಸಲ ಹರಿದಿದೆ. ಎರಡು ಸಲವೂ ಆ ಲಕೋಟೆಯ ಚೂರಿನಿಂದ ಹೊಸ ಕಿವಿ ಹಚ್ಚಿದ್ದೇನೆ. ಇನ್ನೂ ಒಂದು ಕಿವಿಗಾಗುವಷ್ಟು ಉಳಿದಿದೆ.